ನಲವತ್ತೊಂದನೆಯ ಮೈಲಿಗಲ್ಲು

ನಲವತ್ತನೆಯ ಸಾಲಿನವರೆಗೆ ಗುರುದೇವಿಯ ಬೆರಳುಗಳು ಕೀಲಿಮಣೆಯ ಮೇಲೆ ತಮ್ಮ ಪಾಡಿಗೆ ತಾವು ಓಡಿದ್ದವು. ನಲವತ್ತೊಂದಕ್ಕೆ ಬಂದವು, ಗಕ್ಕನೆ ನಿಂತವು.

'೨೦೦೬, ಫೆಬ್ರುವರಿ: ಪತ್ಥರಕುಂಟ ಬಸ್ತಿಯ ನೂರಾ ಎಂಬತ್ತಾರು ಕೂಲಿಕಾರ ಕುಟುಂಬಗಳಿಗೆ ಮನೆಯ ಹಕ್ಕುಪತ್ರ ವಿತರಣೆ. ಅಲೆಮಾರಿ ಬದುಕಿಗೆ ಶಾಶ್ವತ ನೆಲೆ.'

ಹಸ್ತಪ್ರತಿಯ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದಳು. ಬರೆದವರ ಅಕ್ಷರ ಮುತ್ತಿನ ಹಾಗೆ ದುಂಡಗಿತ್ತು, ತಪ್ಪು ಓದಿಕೊಳ್ಳುವ ಮಾತೇ ಇರಲಿಲ್ಲ. ಶಾಶ್ವತ ನೆಲೆಯಂತೆ. ಆ ಶಾಶ್ವತ ನೆಲೆಯ ಬಾಗಿಲು ಬಾಗಿಲಿಗೂ ಹೋದ ವಾರ ನೋಟೀಸು ಅಂಟಿಸಿ ಹೋಗಿದ್ದರು. ಮಳೆನೀರಿನ ನಾಲಾ ಅಗಲ ಮಾಡಬೇಕಾಗಿದೆ, ನೀವು ಕೂತಿರುವ ನೆಲ ಸರಕಾರದ್ದು, ನಿಮ್ಮ ಹತ್ತಿರ ಕಾಗದವೇನಾದರೂ ಇದ್ದರೆ ಮಂಗಳವಾರ ಹನ್ನೊಂದನೇ ತಾರೀಖಿನ ವಿಚಾರಣೆಗೆ ತನ್ನಿ, ಇಲ್ಲವಾದರೆ ಸಾಮಾನು ಎತ್ತಿಕೊಳ್ಳಿ. ಇಷ್ಟೇ ಅದರ ಸಾರ. ಅವ್ವ ಗದಿಗೆಮ್ಮ ಅದನ್ನು ಕಿತ್ತು ಬಿಸಾಡಲು ಹೋಗಿ, ಆಮೇಲೆ ಹೆದರಿ, ಅಂಟು ಹಸಿ ಇರುವಾಗಲೇ ಮತ್ತೆ ಅಂಗೈಯಿಂದ ಒತ್ತಿ ಕೂರಿಸಿದ್ದಳು.

ಅಬಿಡ್ಸ್‌ನ ಅಂಚೆ ಕಚೇರಿಯ ಹಿಂದಿನ ಗಲ್ಲಿಯಲ್ಲಿ ಅಂಬಾದಾಸರ ಪ್ರೆಸ್ಸು. ಈ ತೆಲುಗು ಸೀಮೆಯ ಊರಿನಲ್ಲಿ ಕನ್ನಡ ಕಂಪೋಸು ಮಾಡುವವರು ಒಂದು ಕೈಯ ಬೆರಳಿನಷ್ಟೂ ಇರಲಿಲ್ಲ; ಲಗ್ನಪತ್ರಿಕೆ ಇರಲಿ, ಮಠದ ಪಂಚಾಂಗ ಇರಲಿ, ಗುರುದೇವಿಯ ಮೇಜಿಗೇ ಬರಬೇಕು. ಹಾಗೆ ಬಂದದ್ದು ಈ ಅಭಿನಂದನ ಗ್ರಂಥ. ಮಾಜಿ ಶಾಸಕ ವೈಜನಾಥರಾಯರಿಗೆ ಎಪ್ಪತ್ತೈದು ತುಂಬಿತೆಂದು ಕನ್ನಡ ಸಂಘದವರು ಹದಿನಾರನೇ ತಾರೀಖು, ಭಾನುವಾರ, ದೊಡ್ಡ ಸಮಾರಂಭ ಇಟ್ಟುಕೊಂಡಿದ್ದರು. ನಾಲ್ಕು ಸಲ ವಿಧಾನಸಭೆ, ಎರಡು ಸಲ ಪರಿಷತ್ತು, ಒಟ್ಟು ಮೂವತ್ತೊಂದು ವರ್ಷ. ಮಂತ್ರಿಯಾಗಲಿಲ್ಲ, ಆಗಬೇಕೆಂದು ಯಾರ ಮನೆಯ ಮೆಟ್ಟಿಲೂ ಹತ್ತಲಿಲ್ಲ. ದುಡಿಯುವವರ ಪರ, ಹೆಂಗಸರ ಪರ, ಊರು ಬಿಟ್ಟು ಬಂದವರ ಪರ ಎಂದು ಹೆಸರಾದ ಮನುಷ್ಯ. ಗ್ರಂಥದ ಕಡೆಯ ಅಧ್ಯಾಯ 'ಸಾರ್ವಜನಿಕ ಬದುಕಿನ ಮೈಲಿಗಲ್ಲುಗಳು'. ಇಸವಿ ಹಾಕಿ ಒಂದರ ಕೆಳಗೊಂದು ಅರವತ್ತನಾಲ್ಕು ಸಾಲು.

ಮೊದಲ ನಲವತ್ತು ಸಾಲುಗಳಲ್ಲಿ ಒಂದೂ ಸುಳ್ಳಿರಲಿಲ್ಲ. ಅದೇ ಅವಳ ಹೊಟ್ಟೆಗೆ ಹೆಚ್ಚು ಬೆಂಕಿ ಹಾಕಿದ್ದು. ೧೯೮೬: ಕಟ್ಟಡ ಕೆಲಸದ ಹೆಂಗಸರ ಕೂಸುಗಳಿಗೆ ಕೆಲಸದ ಜಾಗದಲ್ಲೇ ನೆರಳು, ಹಾಲು ಇರಬೇಕೆಂದು ಖಾಸಗಿ ಮಸೂದೆ ಮಂಡನೆ. ನಿಜ. ೧೯೯೬: ಪತ್ಥರಕುಂಟದಲ್ಲಿ ಗುಡಿಸಲು ಕೆಡವಲು ಬಂದ ಬುಲ್ಡೋಜರಿನ ಮುಂದೆ ಧರಣಿ, ಲಾಠಿ ಏಟಿಗೆ ಎಡಗಡೆಯ ಕಾಲರ್ ಮೂಳೆ ಮುರಿತ. ನಿಜ; ಒಂಬತ್ತು ವರ್ಷದ ಗುರುದೇವಿ ಅವ್ವನ ಸೆರಗು ಹಿಡಿದು ಅದನ್ನು ಕಣ್ಣಾರೆ ಕಂಡಿದ್ದಳು. ೨೦೦೧: ಬಸ್ತಿಯಲ್ಲಿ ಕನ್ನಡ ಸಂಜೆ ಶಾಲೆ ಆರಂಭ. ಅದೂ ನಿಜ. ಹಗಲೆಲ್ಲ ಸಿಮೆಂಟಿನ ಬುಟ್ಟಿ ಹೊತ್ತ ಕೈಯಲ್ಲಿ ಅವಳು ಬಳಪ ಹಿಡಿದದ್ದು ಆ ಶಾಲೆಯಲ್ಲಿಯೇ. ಯಾದಗಿರಿ ಸೀಮೆಯಿಂದ ಮಣ್ಣು ಹೊರಲು ಬಂದ ಮಂದಿಯ ಮಗಳು ಅಕ್ಷರ ಜೋಡಿಸುವವಳಾದದ್ದು ಆ ಮನುಷ್ಯನಿಂದ. ಕಲಿಸಿದವರೇ ಈಗ ಈ ಸಾಲನ್ನೂ ಅವಳ ಕೈಯಿಂದಲೇ ಟೈಪು ಹೊಡೆಸುತ್ತಿದ್ದರು.

೨೦೦೬ರ ಆ ದಿನ ಅವಳಿಗೆ ನಿನ್ನೆ ಮೊನ್ನೆಯಷ್ಟು ನೆನಪಿತ್ತು. ಬಸ್ತಿಯ ಬಯಲಿನಲ್ಲಿ ಶಾಮಿಯಾನ, ಬ್ಯಾಂಡು, ಪೇಢೆ. ಮಂತ್ರಿಗಳು ಬಂದು ಐದು ಮಂದಿಗೆ ಕೊಟ್ಟು ಕಾರು ಹತ್ತಿದರು. ಉಳಿದವರಿಗೆಲ್ಲ ವೈಜನಾಥರಾಯರೇ ಕೊಟ್ಟರು. ಪ್ಲಾಸ್ಟಿಕ್ ಲಕೋಟೆಯಲ್ಲಿ ಹೆಂಗಸರ ಹೆಸರಿನ ಪತ್ರ, ಮೂಲೆಯಲ್ಲಿ ಅವರದೇ ಫೋಟೊ. ಒಬ್ಬೊಬ್ಬರದೂ ಚಿತ್ರ ತೆಗೆದರು. ವೇದಿಕೆ ಇಳಿದು ಹಿಂದಕ್ಕೆ ಬಂದರೆ ಅಲ್ಲೊಂದು ಮೇಜು. ಪತ್ರಕ್ಕೆ ನಂಬರು ಹಾಕುವುದು ಬಾಕಿ ಇದೆ, ವಾರದಲ್ಲಿ ಮನೆಮನೆಗೆ ಮುಟ್ಟಿಸುತ್ತೇವೆ, ಸದ್ಯ ಇಲ್ಲಿ ಕೊಟ್ಟುಹೋಗಿ ಎಂದರು ಮೇಜಿನವರು. ಹೆಂಗಸರು ಅನುಮಾನಿಸಿದರು. ಕೈಗೆ ಬಂದದ್ದನ್ನು ಬಿಡಲು ಯಾರಿಗೆ ಮನಸ್ಸು? ಆಗ ರಾಯರೇ ವೇದಿಕೆಯಿಂದಿಳಿದು ಬಂದು ಕೈ ಚಾಚಿದ್ದರು. "ಅವರಿಗೆ ಬ್ಯಾಡ, ನನ್ನ ಕೈಯಾಗ ಕೊಡ್ರಿ."

ಕೊಟ್ಟರು. ನೂರಾ ಎಂಬತ್ತಾರು ಮಂದಿಯೂ ಕೊಟ್ಟರು. ಗದಿಗೆಮ್ಮ ಲಕೋಟೆಯನ್ನು ಎರಡೂ ಕಣ್ಣಿಗೊತ್ತಿಕೊಂಡು ಕೊಟ್ಟಳು. ಒಂದು ಚೀಟಿ ಕೇಳಬೇಕು ಎಂದು ಯಾರ ನಾಲಿಗೆಗೂ ಬರಲಿಲ್ಲ. ಪಂಚಮಿಗೆ ಸೀರೆ ತಂದ ಅಣ್ಣನನ್ನು ಅಂಗಡಿಯ ಬಿಲ್ಲು ಕೇಳುವವಳು ಎಂಥ ತಂಗಿ? ಬಸ್ತಿಯ ಹೆಂಗಸರು ವರ್ಷವರ್ಷವೂ ಪಂಚಮಿಗೆ ಅವರ ಮನೆಗೆ ಎಳ್ಳುಂಡಿ, ಶೇಂಗಾ ಉಂಡಿ ಕಳಿಸುತ್ತಿದ್ದರು; ಅವರನ್ನು ಎದುರಿಗೂ ಮರೆಗೂ ಕರೆಯುತ್ತಿದ್ದದ್ದು ವೈಜಣ್ಣ ಎಂದೇ. ಆ ವಾರ ಹೋಯಿತು, ವರ್ಷ ಹೋಯಿತು, ಹತ್ತೊಂಬತ್ತು ವರ್ಷ ಹೋಯಿತು. ಕೇಳಿದವರಿಗೆಲ್ಲ ಗದಿಗೆಮ್ಮ ಇಂದಿಗೂ ಹೇಳುವುದು ಒಂದೇ: ನಂಬರು ಹಾಕಾಕತ್ತಾರ.

ಗುರುದೇವಿ ಹಾಳೆ ಹಿಡಿದುಕೊಂಡು ಅಂಬಾದಾಸರ ಮುಂದೆ ನಿಂತಳು. ಇದನ್ನು ನಾನು ಟೈಪು ಹೊಡೆಯುವುದಿಲ್ಲ ಎಂದಳು. ಅಂಬಾದಾಸರು ಕನ್ನಡಕ ಏರಿಸಿ ಓದಿ, ಅವಳ ಮುಖ ನೋಡಿ, ಎಲ್ಲ ಅರ್ಥವಾದವರ ಹಾಗೆ ನಿಟ್ಟುಸಿರುಬಿಟ್ಟರು. ಅಚ್ಚು ಹಾಕುವವರು ಬರೆದದ್ದರ ಸತ್ಯ ತೂಗುತ್ತ ಕೂತರೆ ಊರಿನ ಪ್ರೆಸ್ಸುಗಳೆಲ್ಲ ಬಾಗಿಲು ಹಾಕಬೇಕಾಗುತ್ತದೆ ಎಂದರು. ಆಮೇಲೆ ತಾವೇ ಒಂದು ದಾರಿ ತೋರಿಸಿದರು.

"ಹೊಡದು ಪುಟಾ ಕಟ್ಟು. ಕಡೀ ಪ್ರೂಫು ಅವರಽ ನೋಡ್ತಾರ. ನೀನಽ ತೊಗೊಂಡು ಹೋಗು. ತಪ್ಪಿದ್ರ ಕಾಟು ಹಾಕ್ತಾರ, ಕಾರಣಾ ಸೈತ ಬರೀತಾರ. ಆ ಮನಶ್ಯಾಂದು ನಿನಗ ಗೊತ್ತೈತಲ್ಲ."

ಗೊತ್ತಿತ್ತು. ರಾಯರ ಆ ಚಾಳಿ ಪ್ರೆಸ್ಸಿನಲ್ಲಿ ನಗೆಯ ವಸ್ತುವಾಗಿತ್ತು. ಅವರು ಶಾಸಕರಾದ ಮೊದಲ ವರ್ಷ ಅವರ ಮಸೂದೆಯ ಕರಡಿನಿಂದ ಒಂದು ಕಲಮು ಯಾರೋ ಕಾಟು ಹೊಡೆದು ಮಾಯ ಮಾಡಿದ್ದರಂತೆ. ಯಾರು, ಯಾಕೆ ಎಂಬುದು ಕಡೆಗೂ ತಿಳಿಯಲಿಲ್ಲವಂತೆ. ಅಂದಿನಿಂದ ಅವರು ಒಂದು ಅಕ್ಷರ ಹೊಡೆದರೂ ಅಂಚಿನಲ್ಲಿ ಕಾರಣ ಬರೆದು, ಸಹಿ ಮಾಡಿ, ತಾರೀಖು ಹಾಕದೆ ಮುಂದಿನ ಸಾಲಿಗೆ ಹೋಗುತ್ತಿರಲಿಲ್ಲ. 'ಕಾರಣ ಇಲ್ಲದ ಕಾಟು ಕಳ್ಳನ ಕಾಟು' ಎಂಬುದು ಅವರ ಮಾತು. ಸಂಜೆ ಶಾಲೆಯ ಮಕ್ಕಳಿಗೂ ಹೇಳಿಕೊಟ್ಟಿದ್ದರು. ಈ ಗ್ರಂಥದ ಹಿಂದಿನ ಅಧ್ಯಾಯಗಳ ಅಂಚುಗಳೆಲ್ಲ ಅವರ ಕೆಂಪು ಮಸಿಯಿಂದ ತುಂಬಿಹೋಗಿದ್ದವು.

ಮನೆಗೆ ಹೋಗಿ ಹೇಳಿದರೆ ಅವ್ವ ಮಗಳ ಮೇಲೆಯೇ ಹರಿಹಾಯ್ದಳು. ಅಣ್ಣ ಮರೆತಿರಬೇಕು. ಅಣ್ಣನ ಸುತ್ತ ಇರುವವರು ಹೇಳಿರಲಿಕ್ಕಿಲ್ಲ. ಮೂಳೆ ಮುರಿಸಿಕೊಂಡವನಿಗೆ ಕಾಗದ ಕೊಡುವುದು ಕಷ್ಟವೇ? ನೋಟೀಸು ಬಂದ ಮೇಲೆ ಬಸ್ತಿಯವರು ಮೂರು ಸಲ ಅವರ ಮನೆಗೆ ಹೋಗಿ ಬಂದಿದ್ದರು. ಮೂರು ಸಲವೂ ಗೇಟಿನಲ್ಲೇ ಉತ್ತರ: ಸಾಹೇಬರು ವಿಶ್ರಾಂತಿಯಲ್ಲಿದ್ದಾರೆ, ಸಮಾರಂಭ ಮುಗಿಯಲಿ. ಅದನ್ನೂ ಗದಿಗೆಮ್ಮ ಗೇಟಿನವನ ಲೆಕ್ಕಕ್ಕೆ ಹಾಕಿದಳೇ ಹೊರತು ಅಣ್ಣನ ತಂಟೆಗೆ ಹೋಗಲಿಲ್ಲ.

"ನೀ ಹೋಗಿ ಸಮಾಧಾನಲೇ ಕೇಳು," ಎಂದಳು. "ಎತ್ತರದ ದನಿ ತಗೀಬ್ಯಾಡ. ಆತ ಬಂದು ಕಚೇರ್ಯಾಗ ನಿಂತ ಅಂದ್ರ ಮುಗೀತು."

ಗುರುದೇವಿಗೆ ಬಂದ ಸಿಟ್ಟು ಆ ಕ್ಷಣ ಯಾರ ಮೇಲಿನದೆಂದು ಅವಳಿಗೇ ಗೊತ್ತಾಗಲಿಲ್ಲ. ಅರವತ್ತೆರಡು ವರ್ಷದ ಮುದುಕಿ, ಇನ್ನೂ ಬೆಳಗಾದರೆ ಕೂಲಿಯ ಅಡ್ಡಾದಲ್ಲಿ ಹೋಗಿ ನಿಲ್ಲುವವಳು, ಮೇಸ್ತ್ರಿ ಅರ್ಧ ತಾಸು ಹೆಚ್ಚು ದುಡಿಸಿಕೊಂಡರೆ ಅವನ ಏಳು ತಲೆಮಾರು ಜಾಲಾಡುವವಳು, ಈ ಒಬ್ಬನ ಮುಂದೆ ಮಾತ್ರ ಹಸುಗೂಸು.

ಶನಿವಾರ ಬೆಳಿಗ್ಗೆ ಪ್ರೂಫಿನ ಕಟ್ಟು ಹಿಡಿದು ರಾಯರ ಮನೆಯಿದ್ದ ಮೆಹದಿಪಟ್ಟಣಂನಲ್ಲಿ ಬಸ್ಸಿಳಿದಳು. ಬಸ್ತಿಯವಳಾಗಿ ಹೋದಾಗ ತೆರೆಯದ ಗೇಟು ಪ್ರೆಸ್ಸಿನವಳೆಂದ ಕೂಡಲೇ ತೆರೆಯಿತು. ಕುರ್ಚಿ ಬಂತು, ಇರಾನಿ ಚಹಾ ಬಂತು. ಕನ್ನಡ ಸಂಘದ ಕಾರ್ಯದರ್ಶಿ ಮಹೇಶಕುಮಾರ ಸನ್ಮಾನದ ಶಾಲುಗಳನ್ನು ಸೋಫಾದ ಮೇಲೆ ಹರವಿಕೊಂಡು ಯಾವ ಬಣ್ಣ ಫೋಟೊದಲ್ಲಿ ಚೆನ್ನಾಗಿ ಬೀಳುತ್ತದೆ ಎಂದು ಯಾರಿಗೋ ಫೋನಿನಲ್ಲಿ ಕೇಳುತ್ತಿದ್ದ.

ವೈಜನಾಥರಾಯರು ಒಳಗಿನಿಂದ ಬಂದರು. ಇಸ್ತ್ರಿಯಿಲ್ಲದ ಖಾದಿ ಅಂಗಿ, ತೆಳ್ಳಗಿನ ಮೈ. ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಕೆಳಗೆ ಇಳಿದಿತ್ತು. ಆ ಭುಜ ಕಂಡು ಅವಳ ಸಿಟ್ಟು ಒಂದು ಗಳಿಗೆ ಪಟ್ಟು ಸಡಿಲಿಸಿತು. ಬಿಡಬಾರದು ಎಂದು ತನಗೆ ತಾನೇ ಹೇಳಿಕೊಂಡಳು. ಆ ಮೂಳೆಗೆ ನಾವು ಇಪ್ಪತ್ತೊಂಬತ್ತು ವರ್ಷ ಉಂಡಿ ಕಟ್ಟಿದ್ದೇವೆ.

ಅವರು ಕೆಂಪು ಪೆನ್ನು ಹಿಡಿದು ಮೇಜಿನ ಮುಂದೆ ಕೂತರು. ಓದುವ ಶಿಸ್ತು ಹಳೆಯದೇ. ಹದಿನೆಂಟನೆಯ ಸಾಲಿನ 'ಐತಿಹಾಸಿಕ' ಎಂಬ ಪದ ಹೊಡೆದು ಅಂಚಿನಲ್ಲಿ 'ಅತಿಶಯೋಕ್ತಿ, ಕಾಟು' ಎಂದು ಬರೆದರು, ಸಹಿ ಹಾಕಿದರು, ತಾರೀಖು ಹಾಕಿದರು. ಮೂವತ್ಮೂರನೆಯ ಸಾಲಿನಲ್ಲಿ ಯಾರದೋ ದುಡಿಮೆ ತಮ್ಮ ಹೆಸರಿಗೆ ಬಂದಿತ್ತು. 'ಇದು ನನ್ನದಲ್ಲ, ಯೂನಿಯನ್ ಹೆಂಗಸರದು' ಎಂದು ತಿದ್ದಿದರು. ಇಷ್ಟು ಪ್ರಾಮಾಣಿಕ ಮನುಷ್ಯ! ಅವಳು ಆ ಪೆನ್ನಿನ ತುದಿಯನ್ನೇ ನೋಡುತ್ತಿದ್ದಳು. ಅದು ನಲವತ್ತಕ್ಕೆ ಬಂತು. ನಲವತ್ತೊಂದಕ್ಕೆ ಬಂತು. ಅಕ್ಷರಗಳ ಮೇಲೆ ಗಾಳಿಯಲ್ಲಿ ತೇಲಿ ನಲವತ್ತೆರಡಕ್ಕೆ ಇಳಿಯಿತು.

"ನಲವತ್ತೊಂದು ಓದಿದ್ರೇನ್ರಿ ಮಾಮಾ?"

"ಯಾಕವಾ, ಅಕ್ಷರ ತಪ್ಪಾಗೈತೇನು?"

"ಅಕ್ಷರ ಸರಿ ಅದಾವ್ರಿ. ನಾ ಪತ್ಥರಕುಂಟದ ಗದಿಗೆಮ್ಮನ ಮಗಳು."

ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. ಗುರುತು ಹತ್ತಿತು, ಅವಳ ಶಾಲೆ, ಅವಳ ಅಕ್ಷರ, ಎಲ್ಲವೂ ಗುರುತು ಹತ್ತಿತು. ಮಹೇಶಕುಮಾರನಿಗೆ, ಫೋನು ಹೊರಗೆ ಹೋಗಿ ಮಾತಾಡಪ್ಪಾ ಎಂದರು. ಅವನು ಶಾಲೊಂದನ್ನು ಹೆಗಲ ಮೇಲೆ ಹಾಕಿಕೊಂಡೇ ಹೊರಗೆ ಹೋದ.

ಆಮೇಲೆ ರಾಯರು ನಡೆದದ್ದನ್ನು ಹೇಳಿದರು. ಸಮೀಕ್ಷೆ ಆಗಿತ್ತು, ಪತ್ರಗಳು ತಯಾರಾಗಿದ್ದವು, ಅಧಿಕಾರಿಯ ಸಹಿಯೊಂದೇ ಬಾಕಿ ಇತ್ತು. ಮಂತ್ರಿಗಳು ತಾರೀಖು ಕೊಟ್ಟುಬಿಟ್ಟಿದ್ದರು. ಆ ತಾರೀಖು ತಪ್ಪಿದರೆ ಮತ್ತೆ ಆರು ತಿಂಗಳು. ಮೊದಲು ಹಂಚೋಣ, ಸಹಿ ಹಿಂದಿನಿಂದ ಮಾಡಿಸೋಣ ಎಂದುಕೊಂಡರು. ಹದಿನೈದು ದಿನದಲ್ಲಿ ಅಧಿಕಾರಿಗೆ ವರ್ಗವಾಯಿತು. ಹೊಸದಾಗಿ ಬಂದವನು ಬಸ್ತಿಯ ಪಕ್ಕದ ಕೆರೆಯ ಗಡಿಯ ನಕ್ಷೆ ಕೇಳಿದ. ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತ ಹೋಗುತ್ತ ಕಣ್ಣಿಗೆ ಬೀಳದಾಯಿತು. ಎರಡು ಸಾವಿರದ ಒಂಬತ್ತರಲ್ಲಿ ಅವರು ಸೋತರು, ಮನೆ ಬದಲಾಯಿಸಿದರು, ಪೆಟ್ಟಿಗೆಯಲ್ಲಿದ್ದ ಪತ್ರಗಳಿಗೆ ಗೆದ್ದಲು ಹಿಡಿಯಿತು.

"ಸಹಿ ಇಲ್ಲದ ಹಾಳಿ ಅವು, ಮಗಳ," ಎಂದರು. "ಇದ್ರೂ ಉಪಯೋಗ ಇದ್ದಿಲ್ಲ."

"ಮತ್ತ ಹಂಚಿದ್ರ್ಯಾಕ?"

ಅವರು ಕನ್ನಡಕದ ಗಾಜನ್ನು ಅಂಗಿಯ ಚುಂಗಿನಿಂದ ಒರೆಸತೊಡಗಿದರು; ಗುರುದೇವಿ ಬಿಡಲಿಲ್ಲ.

"ಹತ್ತೊಂಬತ್ತು ವರ್ಷದಾಗ ಒಂದ ಸಲಾ ಬಸ್ತಿಗೆ ಬಂದು, ಹಿಂಗ ಆಗೇತಿ ಅಂತ ಹೇಳಬೇಕಿತ್ತಿಲ್ರಿ. ಕಾಗದಾ ಇಲ್ಲಂತ ತಿಳದಿದ್ರ ನಾವು ಬ್ಯಾರೆ ಬಾಗಲಾ ಬಡಿತಿದ್ವಿ. ನಿಮ್ಮ ಬಾಗಲಾ ನೋಡಕೋತ ಕುಂತೀವಿ. ಅವ್ವ ಕಳಿಸಿದ ಉಂಡಿ ವರ್ಷಾ ತಿಂದೀರಿ. ತಿನ್ನುವಾಗ ಒಮ್ಮೆನೂ ನೆನಪಾಗಲಿಲ್ಲೇನ್ರಿ?"

"ಹೇಳಿದ್ರ ನಿಮ್ಮ ಧೈರ್ಯ ಹೋಗ್ತಿತ್ತು," ಎಂದರು ರಾಯರು ಮೆಲ್ಲಗೆ. ಅದನ್ನು ಅವರು ನಿಜವಾಗಿಯೂ ನಂಬಿದ್ದರು. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ತಾವು ನೂರಾ ಎಂಬತ್ತಾರು ಮನೆಗಳ ಧೈರ್ಯವನ್ನು ಹತ್ತೊಂಬತ್ತು ವರ್ಷ ಕಾಪಾಡಿಕೊಂಡು ಬಂದಿದ್ದೇವೆ ಎಂದೇ ಆ ದೊಡ್ಡ ಮನುಷ್ಯ ತಿಳಿದುಕೊಂಡಿದ್ದರು. ಗುರುದೇವಿಗೆ ಮೈಯೆಲ್ಲ ಉರಿದುಹೋಯಿತು. ಕೆಟ್ಟವನ ಮೋಸಕ್ಕೆ ಬಾಯಿ ಬಿಟ್ಟು ಬೈಯಬಹುದು, ಮಣ್ಣು ತೂರಬಹುದು. ಒಳ್ಳೆಯವನು ನಿನ್ನ ಒಳ್ಳೆಯದಕ್ಕೇ ಮಾಡಿದೆ ಎನ್ನುತ್ತ ಮಾಡಿದ ಮೋಸಕ್ಕೆ ಎಲ್ಲಿ ಕೈ ಹಾಕುವುದು?

ಮಂಗಳವಾರ ವಿಚಾರಣೆಗೆ ನಾಂಪಲ್ಲಿಯ ಕಚೇರಿಗೆ ಬಂದು ಇದನ್ನೇ ಹೇಳಿ ಎಂದು ಕೇಳಿದಳು. ಅವರು ಆಗದೆಂದು ತಲೆಯಾಡಿಸಿದರು. ಈಗ ತಾವು ಶಾಸಕರಲ್ಲ, ತಮ್ಮ ಮಾತಿಗೆ ಬೆಲೆಯಿಲ್ಲ. ಅಲ್ಲದೆ ಅದಾದ ಐದೇ ದಿನಕ್ಕೆ ಸಮಾರಂಭ. ಬೇರೆ ಬೇರೆ ಊರುಗಳಿಂದ ಹಿರಿಯರು ಬರುವವರಿದ್ದಾರೆ, ಪತ್ರಿಕೆಯವರಿದ್ದಾರೆ. ಸಮಾರಂಭ ಆಗಲಿ, ಆಮೇಲೆ ಯಾರಿಗಾದರೂ ಒಂದು ಮಾತು ಹೇಳೋಣ. ಹೀಗೆನ್ನುತ್ತಲೇ ಅಳತೆಪಟ್ಟಿ ತೆಗೆದುಕೊಂಡು ನಲವತ್ತೊಂದನೆಯ ಸಾಲಿನ ಮೇಲೆ ಇಟ್ಟರು. ಉದ್ದಕ್ಕೆ ನೇರವಾಗಿ ಒಂದು ಕೆಂಪು ಗೆರೆ ಎಳೆದರು.

"ಈ ಸಾಲು ಬ್ಯಾಡ. ತಗದಬಿಡು."

ಅಷ್ಟೇ. ಬುಲ್ಡೋಜರು ಕೂಡ ಇಷ್ಟು ಸಲೀಸಾಗಿ ಕೆಡವಲಾರದು. ಅದಕ್ಕೆ ಡೀಸೆಲ್ಲಾದರೂ ಬೇಕು, ಪೊಲೀಸರಾದರೂ ಬೇಕು. ಬೇಕಿದ್ದಾಗ ಬಸ್ತಿ ಅವರ ಮೈಲಿಗಲ್ಲಾಗಿತ್ತು. ತೊಡರಾದಾಗ ಅರ್ಧ ಗೇಣು ಮಸಿಯಲ್ಲಿ ಅಳಿಸಿಹೋಯಿತು. ಅರವತ್ತನಾಲ್ಕರಲ್ಲಿ ಒಂದು ಹೋದರೆ ಇನ್ನೂ ಅರವತ್ಮೂರು ಉಳಿಯುತ್ತವೆ. ಅವ್ವನಿಗೆ ಇರುವುದು ಒಂದೇ ಮನೆ.

ರಾಯರು ನಲವತ್ತೆರಡರ ಮೇಲೆ ಪೆನ್ನು ಇಟ್ಟಿದ್ದರು. ಗುರುದೇವಿ ತೋರುಬೆರಳನ್ನು ಹಾಳೆಯ ಅಂಚಿನ ಮೇಲಿಟ್ಟಳು.

"ಕಾರಣಾ ಬರೀಲಿಲ್ರಿ."

ಪೆನ್ನು ನಿಂತಿತು. ಒಂದು ಕ್ಷಣ ಅವಳನ್ನು ದುರುಗುಟ್ಟಿ ನೋಡಿ, 'ಸ್ಥಳಾಭಾವ' ಎಂದು ಗೀಚಿದರು.

"ಸುಳ್ಳು. ಪುಟಾ ಕಟ್ಟಿದಾಕಿ ನಾನು. ಕೆಳಗ ನಾಕ ಬೆರಳು ಬಿಳೇದು ಉಳದೈತಿ. ಕಳ್ಳನ ಕಾಟು ಹಾಕಬಾರದಂತ ನಮಗ ಸಾಲ್ಯಾಗ ಯಾರು ಹೇಳಿಕೊಟ್ರು, ಸಾಹೇಬ್ರ?"

ಮಾಮಾ ಹೋಗಿ ಸಾಹೇಬರಾಗಿದ್ದು ಅವರಿಗೆ ನಾಟಿತೋ, ತಮ್ಮದೇ ಮಾತು ತಮ್ಮ ಮುಖಕ್ಕೆ ಬಂದು ಬಿದ್ದದ್ದು ನಾಟಿತೋ, ಕುತ್ತಿಗೆಯ ನರ ಉಬ್ಬಿತು. ಮೂವತ್ತೊಂದು ವರ್ಷ ಎದುರು ಪಕ್ಷದವರು ಕೆಣಕಿದಾಗಲೂ ಏರದ ದನಿ ಏರಿತು. ಮತ್ತೇನು ಬರೆಯಬೇಕು, ನೀನೇ ಹೇಳು ಎಂದು ಗದರಿದರು.

"ಆದದ್ದು ಬರೀರಿ."

'ಸ್ಥಳಾಭಾವ'ವನ್ನೂ ಹೊಡೆದು, ಕಾಗದ ಹರಿಯುವ ಹಾಗೆ ಒತ್ತಿ ಬರೆದರು: 'ಹಕ್ಕುಪತ್ರಗಳು ತಯಾರಾಗಿದ್ದರೂ ಅಧಿಕಾರಿಯ ಸಹಿ ಆಗಿರಲಿಲ್ಲ. ಸಮಾರಂಭದ ನಂತರ ೧೮೬ ಪತ್ರಗಳನ್ನೂ ನಾನೇ ವಾಪಸು ಪಡೆದಿದ್ದೇನೆ. ಮರಳಿಸಿಲ್ಲ. ಆದ್ದರಿಂದ ಕಾಟು.' ಕೆಳಗೆ ಪೂರ್ತಿ ಸಹಿ. ತಾರೀಖು. ಪ್ರೂಫಿನ ಹಾಳೆಗಳ ಹಣೆಬರಹ ಅವರಿಗೆ ಗೊತ್ತಿತ್ತು; ಗ್ರಂಥ ಅಚ್ಚಾದ ಮೇಲೆ ಅವು ಮಿರ್ಚಿ ಭಜಿಯ ಬಂಡಿಗೆ ಹೋಗುವಂಥವು. ಬರೆದದ್ದನ್ನು ಅವಳ ಕಡೆ ತಳ್ಳಿ, ಸಮಾಧಾನವಾಯಿತೇ ಎಂದು ಕೇಳಿದರು.

ಇಲ್ಲ ಎಂದಳು ಗುರುದೇವಿ. ಉಳಿದ ಸಾಲುಗಳನ್ನೂ ನೋಡಿ ಮುಗಿಸಲಿ ಎಂದು ಕಾದು, ಹಾಳೆಗಳನ್ನು ಜೋಡಿಸಿಕೊಂಡು ಎದ್ದಳು.

ಗಲ್ಲಿ ತಿರುವಿನ ಝೆರಾಕ್ಸ್ ಅಂಗಡಿಯಲ್ಲಿ ನಿಂತು ಆ ಪುಟದ ಹತ್ತು ಪ್ರತಿ ಮಾಡಿಸಿದಳು. ಮೂಲ ಹಾಳೆಯನ್ನು ಬೇರೆಯಾಗಿ ಚೀಲದಲ್ಲಿಟ್ಟುಕೊಂಡಳು.

ಅವ್ವನ ಮುಂದೆ ಓದಿದಾಗ ಗದಿಗೆಮ್ಮ ಮೊದಲು ನಂಬಲಿಲ್ಲ. ಅಣ್ಣನೇ ಬರೆದನೋ, ನೀನೇ ಬರೆದು ತಂದೆಯೋ ಎಂದಳು. ಕೆಂಪು ಮಸಿ ತೋರಿಸಿದ ಮೇಲೆ ಮಗಳಿಗೆ ಬಾಯಿಗೆ ಬಂದಂತೆ ಬೈದಳು. ಉಂಡ ಮನೆಯ ಗಳ ಎಣಿಸುವವಳು, ಅಕ್ಷರ ಕೊಟ್ಟ ಗುರುವಿನಿಂದ ತಪ್ಪೊಪ್ಪಿಗೆ ಬರೆಸಿಕೊಂಡು ಬಂದವಳು, ಇಂಥವಳನ್ನು ಹೆತ್ತೆನಲ್ಲ. ಗುರುದೇವಿ ಹಾಳೆ ಮಡಚಿಟ್ಟು ಒಲೆಯ ಮುಂದೆ ಹೋಗಿ ಕೂತಳು. ತಿರುಗಿ ಮಾತಾಡಿದ್ದರೆ ಅಂದು ಅವರಿಬ್ಬರ ನಡುವೆ ಮತ್ತೆ ಕೂಡದ ಹಾಗೆ ಏನೋ ಮುರಿಯುತ್ತಿತ್ತು. ಭಾನುವಾರ ಇಡೀ ದಿನ ತಾಯಿ ಮಗಳು ಮಾತಾಡಲಿಲ್ಲ. ಸೋಮವಾರ ಗದಿಗೆಮ್ಮ ಅಡ್ಡಾಕ್ಕೆ ಹೋಗಲಿಲ್ಲ. ಹೊಸ್ತಿಲಲ್ಲಿ ಕೂತಿದ್ದವಳು ಮಧ್ಯಾಹ್ನದ ಹೊತ್ತಿಗೆ ಇದ್ದಕ್ಕಿದ್ದಂತೆ, ಪತ್ರ ಏನಾದವೆಂದು ಬರೆದ ಮಾತು ಇನ್ನೊಮ್ಮೆ ಓದು ಎಂದಳು.

"'ಮರಳಿಸಿಲ್ಲ' ಅಂತೈತವ್ವಾ."

"ಮರಳಿಸಿಲ್ಲ," ಎಂದು ಗದಿಗೆಮ್ಮ ತಾನೂ ಅಂದು ನೋಡಿದಳು. 

ಮಂಗಳವಾರ ನಾಂಪಲ್ಲಿಯ ಆ ಕಚೇರಿಯ ವರಾಂಡದಲ್ಲಿ ಬಸ್ತಿಯ ನಲವತ್ತು ಹೆಂಗಸರು ಸೇರಿದ್ದರು. ವಿಚಾರಣೆಯ ಅಧಿಕಾರಿ ನಡುವಯಸ್ಸಿನವನು, ಕೆಟ್ಟವನೇನಲ್ಲ, ದಣಿದವನು. ಕರೆಂಟು ಬಿಲ್ಲು, ರೇಷನ್ ಕಾರ್ಡು, ವೋಟರ್ ಚೀಟಿ, ಎಲ್ಲವನ್ನೂ ತಿರುವಿ ಹಾಕಿ, ಇವು ನೀವು ಇಲ್ಲಿದ್ದೀರಿ ಎಂದು ಹೇಳುತ್ತವೆಯೇ ಹೊರತು ಸರಕಾರ ನಿಮ್ಮನ್ನು ಇರಲು ಬಿಟ್ಟಿತ್ತು ಎಂದು ಹೇಳುವುದಿಲ್ಲವಲ್ಲಮ್ಮಾ ಎಂದು ತೆಲುಗಿನಲ್ಲಿ ಹೇಳಿದ. ಗುರುದೇವಿ ಪುಟವನ್ನು ಅವನ ಮುಂದಿಟ್ಟಳು. ಅಂಚಿನ ಬರಹವನ್ನು ಒಂದೊಂದೇ ಮಾತು ತೆಲುಗು ಮಾಡಿ ಹೇಳಿದಳು. ಅವನು ನೆಟ್ಟಗೆ ಕೂತ. ಪತ್ರ ತಯಾರಾಗಿದ್ದವೆಂದರೆ ಸಮೀಕ್ಷೆ ಆಗಿರಬೇಕು, ಸಮೀಕ್ಷೆ ಆಗಿದ್ದರೆ ಕಡತ ಎಲ್ಲೋ ಇರಲೇಬೇಕು. ಆದರೆ ಈ ಸಹಿ ಯಾರದು, ಈ 'ನಾನೇ' ಯಾರು? ಪುಸ್ತಕದ ಹಾಳೆಯ ಮೇಲಿನ ಬರಹವೊಂದೇ ಸಾಲದು. ಪತ್ರ ಕೊಟ್ಟವರೊಬ್ಬರು ಹೆಸರು ಹೇಳಿ ಹೇಳಿಕೆ ಕೊಡಬೇಕು. ಯಾರ ಕೈಗೆ ಕೊಟ್ಟಿರಿ?

 ಮನೆ ಹೋಗುತ್ತಿದೆ, ಆದರೂ ನಲವತ್ತು ಹೆಂಗಸರು ನೆಲ ನೋಡುತ್ತ ನಿಂತರು. ಅಣ್ಣನ ಹೆಸರನ್ನು ಸರಕಾರಿ ಕಾಗದದ ಮೇಲೆ ತಪ್ಪಿತಸ್ಥನದಾಗಿ ಬರೆಸುವುದೆಂದರೆ ತವರಿನ ಬಾಗಿಲನ್ನು ತಾವೇ ಮುಚ್ಚಿಕೊಂಡ ಹಾಗೆ. ಗುರುದೇವಿಗೆ ಕೂಗಿಕೊಳ್ಳಬೇಕೆನಿಸಿತು. ಅಂದು ಅವಳ ಹೆಸರಿನಲ್ಲಿ ಪತ್ರವಿರಲಿಲ್ಲ. ಅವಳು ಹೇಳಿದರೆ ನಡೆಯುತ್ತಿರಲಿಲ್ಲ. ಅಧಿಕಾರಿ ಪೆನ್ನು ಮುಚ್ಚಲು ಹೊರಟ.

ಹಿಂದಿನಿಂದ ಗದಿಗೆಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದಳು.

"ಬರಕೋರಿ ಸಾಹೇಬ್ರ. ವೈಜಣ್ಣ. ವೈಜನಾಥರಾಯರು, ಆಗಿನ ಎಮ್ಮೆಲ್ಲೆ. ಕೈ ಚಾಚಿ ಇಸ್ಕೊಂಡ್ರು, ನಾ ಕಣ್ಣಿಗೊತ್ತಿಕೊಂಡು ಕೊಟ್ಟೆ. ನಮ್ಮ ಹೊಡತಾ ತಾ ತಿಂದಾರ, ಅದನ್ನೂ ಬರಕೋರಿ. ನಮ್ಮ ಕಾಗದಾ ನುಂಗ್ಯಾರ, ಅದನ್ನೂ ಬರಕೋರಿ. ಎರಡೂ ಖರೆ."

ಗುರುದೇವಿ ಅದನ್ನು ಹಾಗೆಯೇ ತೆಲುಗು ಮಾಡಿದಳು. ಗದಿಗೆಮ್ಮ ಹೆಬ್ಬೆಟ್ಟು ಒತ್ತಿದಳು. ಅವಳ ಹಿಂದೆ ಇನ್ನೊಬ್ಬಳು ಬಂದಳು. ಆಮೇಲೆ ಸಾಲು ನಿಂತಿತು.

ಅಧಿಕಾರಿಯ ಆದೇಶ ಚಿಕ್ಕದಿತ್ತು. ಹಳೆಯ ಕಡತ ಹುಡುಕಿಸಬೇಕು. ಮಾಜಿ ಶಾಸಕರು ಸೋಮವಾರ ಹದಿನೇಳಕ್ಕೆ ಖುದ್ದು ಬಂದು ಹೇಳಿಕೆ ಕೊಡಬೇಕು. ಅದು ದಾಖಲಾಗುವ ತನಕ ಪತ್ಥರಕುಂಟದ ಒಂದು ಇಟ್ಟಿಗೆಯನ್ನೂ ಮುಟ್ಟಕೂಡದು. ಅವರು ಬಾರದೇ ಹೋದರೆ ಏನು ಎಂದು ಗುರುದೇವಿ ಕೇಳಿದಳು. ಬಾರದಿದ್ದರೆ ಈ ಹಾಳೆ ಬರೀ ಹಾಳೆ ಎಂದ ಅವನು, ಮುಚ್ಚುಮರೆಯಿಲ್ಲದೆ.

ಬಸ್ ಸ್ಟಾಪಿಗೆ ಬರುವ ಹೊತ್ತಿಗೆ ಗುರುದೇವಿಯ ಫೋನು ಬಡಿದುಕೊಂಡಿತು. ಸುದ್ದಿ ಅವರಿಗಿಂತ ಮೊದಲೇ ಮೆಹದಿಪಟ್ಟಣಂ ತಲುಪಿತ್ತು. ರಾಯರ ದನಿ ಪಕ್ಕದವರಿಗೂ ಕೇಳುವಷ್ಟು ಜೋರಾಗಿತ್ತು. ಮನೆಯೊಳಗೆ ನಂಬಿ ಬರೆದುಕೊಟ್ಟದ್ದನ್ನು ಕಚೇರಿಗೆ ಒಯ್ದೆಯಾ, ನನ್ನ ಇಡೀ ಜೀವನಕ್ಕೆ ಮಸಿ ಬಳಿದೆಯಾ, ಸೋಮವಾರದ ಪತ್ರಿಕೆಗಳಲ್ಲಿ ಸಮಾರಂಭದ ಸುದ್ದಿ ಬರುತ್ತದೋ ಇದು ಬರುತ್ತದೋ ನೀನೇ ಹೇಳು. ಗುರುದೇವಿ ಬಾಯಿ ತೆರೆಯುವುದರೊಳಗೆ ಗದಿಗೆಮ್ಮ ಫೋನು ಕಸಿದುಕೊಂಡಳು.

"ಅಣ್ಣಾರ, ನಾ ಗದಿಗೆಮ್ಮ. ಹೆಬ್ಬಟ್ಟು ಒತ್ತಿದಾಕಿ ನಾನು, ಆಕಿಗೆ ಯಾಕ ಬೈತೀರಿ? ಭಾನುವಾರ ನಿಮ್ಮ ಶಾಲು ನೀವು ಹೊದ್ಕೋರಿ, ನಾವು ಅಡ್ಡ ಬರಂಗಿಲ್ಲ. ಸೋಮವಾರ ಇಲ್ಲಿ ಬರ್ರಿ. ಆ ಅಂಚಿನ್ಯಾಗ ಬರದದ್ದು ಬಾಯಿಲೇ ಹೇಳ್ರಿ. ನಾವು ರೊಟ್ಟಿ ಕಟಗೊಂಡು ಮುಂಜಾನೆನ ಬಂದು ಕುಂಡ್ರತೀವಿ. ನೀವು ಬರಲಿಲ್ಲಂದ್ರ ಅಲ್ಲಿಂದ ಸೀದಾ ನಿಮ್ಮ ಗೇಟಿಗೆ ಬರ್ತೀವಿ, ನೂರಾ ಎಂಬತ್ತಾರೂ ಮನಿ."

 ಆ ಕಡೆಯಿಂದ, ಸಿಟ್ಟೆಲ್ಲ ಇಳಿದುಹೋದ ಮುದುಕನ ದನಿಯಲ್ಲಿ, ಎಷ್ಟು ಗಂಟೆಗೆ ಎಂಬ ಪ್ರಶ್ನೆ ಬಂತು.

"ಹತ್ತೂವರಿಗೆ," ಎಂದು ಗದಿಗೆಮ್ಮ ಫೋನನ್ನು ಮಗಳ ಕೈಗೆ ಕೊಟ್ಟಳು. ಬರುತ್ತಾರೆಯೇ ಎಂದು ಯಾರೋ ಕೇಳಿದರು. ಬರಲಿ ಬಿಡಲಿ, ಈ ಸಲ ಆ ಗೇಟಿನ ಹೊರಗೆ ಸುಮ್ಮನೆ ನಿಂತು ತಿರುಗಿ ಬರುವ ಮಾತಿಲ್ಲ ಎಂದಳು. ಬಸ್ಸು ಬಂತು. ಸೀಟು ಖಾಲಿ ಇದ್ದರೂ ಅವಳು ಕೂರಲಿಲ್ಲ. ಕಂಬ ಹಿಡಿದು, ಹಲ್ಲು ಕಚ್ಚಿ, ಬಸ್ತಿ ಬರುವವರೆಗೂ ನಿಂತೇ ಇದ್ದಳು.